ಮೂರು ಹೆಸರಿನ ಬಂದರು: ಮಕ್ಕಳೊಂದಿಗೆ ತ್ರಿಯೆಸ್ತೆಗೆ ಹೊರಡುವ ಮುನ್ನ

ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾದ ಗಡಿಗೆ ಅಂಟಿಕೊಂಡಿರುವ ಬಂದರು ನಗರ ತ್ರಿಯೆಸ್ತೆಯ ದೊಡ್ಡ ಚೌಕದ ಪಕ್ಕದಲ್ಲೇ ಸಮುದ್ರದೊಳಕ್ಕೆ ನೇರವಾಗಿ ಚಾಚಿಕೊಂಡ ಕಲ್ಲಿನ ಕಟ್ಟೆಯೊಂದಿದೆ. ಉದ್ದ 246 ಮೀಟರ್. ಎರಡೂ ಬದಿಯಲ್ಲಿ ಕಂಬಿಯಿಲ್ಲ, ಸಣ್ಣ ಮಕ್ಕಳ ಕೈ ಬಿಡುವಂತಿಲ್ಲ. ಸಂಜೆಯಾದರೆ ಊರಿನವರು ತುದಿಯವರೆಗೆ ನಡೆದು, ಸೂರ್ಯ ಮುಳುಗುವುದನ್ನು ನೋಡಿ ಮರಳುತ್ತಾರೆ. 1740ರಲ್ಲಿ ಇಲ್ಲಿ ಮುಳುಗಿದ ಸಾನ್ ಕಾರ್ಲೊ ಎಂಬ ಹಡಗಿನ ಒಡಲನ್ನೇ ಬುನಾದಿ ಮಾಡಿಕೊಂಡು ಕಟ್ಟಿದ್ದರಿಂದ ಮೊದಲು ಇದಕ್ಕೆ ಆ ಹಡಗಿನ ಹೆಸರೇ ಇತ್ತು. 1918ರ ನವೆಂಬರ್ 3ರಂದು ಇಟಲಿಯ ‘ಔದಾಚೆ’ ಯುದ್ಧನೌಕೆ ಇಲ್ಲಿ ಲಂಗರು ಹಾಕಿತು. ಕಟ್ಟೆ ‘ಮೊಲೊ ಔದಾಚೆ’ ಆಯಿತು. ಊರಿನ ಇಟಾಲಿಯನ್ನರಿಗೆ ಅದು ಆಸ್ಟ್ರಿಯಾದಿಂದ ಬಿಡುಗಡೆಯಾದ ದಿನ. ಅದೇ ಊರಿನ ಸ್ಲೊವೇನಿಯನ್ನರಿಗೆ ಶಾಲೆ, ಪತ್ರಿಕೆ, ಕೊನೆಗೆ ಮನೆತನದ ಹೆಸರನ್ನೂ ಕಳೆದುಕೊಳ್ಳುವ ಕಾಲದ ಮೊದಲ ದಿನ. ಕಟ್ಟೆಯ ತುದಿಯಲ್ಲಿರುವ ಕಂಚಿನ ದಿಕ್ಸೂಚಿ ಮೊದಲನೆಯದನ್ನಷ್ಟೇ ನೆನೆಯುತ್ತದೆ.

ಈ ಊರಿನ ಸ್ಮಾರಕಗಳಲ್ಲಿ ಹೆಚ್ಚಿನವು ಹೀಗೆಯೇ. ಪ್ರತಿಯೊಂದೂ ನಿಜ ಹೇಳುತ್ತದೆ, ಆದರೆ ಅರ್ಧ ಹೇಳುತ್ತದೆ. ಉಳಿದರ್ಧ ಇನ್ನೊಂದು ಬೀದಿಯಲ್ಲೋ ಗುಡ್ಡದ ಮೇಲಿನ ಹಳ್ಳಿಯಲ್ಲೋ ಇರುತ್ತದೆ. ಹಾಗಾಗಿ ಇಲ್ಲಿ ಏನೇನು ನೋಡಬೇಕು ಎಂಬ ಪಟ್ಟಿಗಿಂತ, ಯಾವುದಾದ ಮೇಲೆ ಯಾವುದನ್ನು ನೋಡಬೇಕು ಎಂಬ ಕ್ರಮವೇ ಮುಖ್ಯ. ಕ್ರಮ ತಪ್ಪಿದರೆ ಮಕ್ಕಳು ಒಬ್ಬರನ್ನು ಖಳರನ್ನಾಗಿಯೂ ಇನ್ನೊಬ್ಬರನ್ನು ಬಲಿಪಶುಗಳನ್ನಾಗಿಯೂ ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾರೆ.

ಊರಿಗೆ ಮೂರು ಹೆಸರು: ಇಟಾಲಿಯನ್ನರಿಗೆ ತ್ರಿಯೆಸ್ತೆ, ಸ್ಲೊವೇನಿಯನ್ನರಿಗೆ ತ್ರ್‌ಸ್ತ್, ಜರ್ಮನ್ ಭಾಷಿಕರಿಗೆ ಟ್ರಿಯೆಸ್ಟ್. ರೋಮನ್ನರ ಕಾಲದ ತೆರ್ಗೆಸ್ತೆ ಮೂಲ. ವೆನಿಸ್‌ನ ಕಾಟ ತಾಳಲಾರದೆ 1382ರಲ್ಲಿ ಊರು ತಾನಾಗಿ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ದೊರೆಯ ಆಶ್ರಯ ಪಡೆಯಿತು. ಆಮೇಲೆ ಮುನ್ನೂರಕ್ಕೂ ಹೆಚ್ಚು ವರ್ಷ ಅದು ಸಣ್ಣ ಊರಾಗಿಯೇ ಉಳಿಯಿತು. ಬದುಕು ತಿರುಗಿದ್ದು 1719ರಲ್ಲಿ, ಆರನೆಯ ಚಾರ್ಲ್ಸ್ ಚಕ್ರವರ್ತಿ ಇದನ್ನು ಸುಂಕವಿಲ್ಲದ ಮುಕ್ತ ಬಂದರು ಎಂದು ಸಾರಿದಾಗ. ಅವನ ಮಗಳು ಮರಿಯಾ ಥೆರೆಸಾ ಉಪ್ಪಿನ ಗದ್ದೆಗಳನ್ನು ಮುಚ್ಚಿಸಿ, ಚೌಕುಳಿಯಂತೆ ನೇರ ಬೀದಿಗಳ ಹೊಸ ಬಡಾವಣೆ ಕಟ್ಟಿಸಿದಳು. ಹಡಗಿನ ಸರಕು ಅಂಗಡಿ ಬಾಗಿಲಿಗೇ ಬರಲೆಂದು ನಡುವೆ ಕಾಲುವೆ ತೋಡಿಸಿದಳು. ಇಂದಿಗೂ ಆ ಕಾಲುವೆಯ ಸುತ್ತಮುತ್ತ ಅರ್ಧ ಗಂಟೆ ನಡೆದರೆ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚ್, ಗ್ರೀಕ್ ಆರ್ಥೊಡಾಕ್ಸ್ ಚರ್ಚ್, 1912ರಲ್ಲಿ ತೆರೆದ ಭಾರಿ ಯೆಹೂದಿ ಪ್ರಾರ್ಥನಾ ಮಂದಿರ ಮೂರನ್ನೂ ನೋಡಬಹುದು. ವ್ಯಾಪಾರ ಕರೆತಂದ ಜನ ಕಟ್ಟಿಕೊಂಡದ್ದು ಇವೆಲ್ಲ. 1857ರಲ್ಲಿ ವಿಯೆನ್ನಾದಿಂದ ರೈಲು ಬಂತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಇಲ್ಲಿನ ಆಸ್ಟ್ರಿಯನ್ ಲಾಯ್ಡ್ ಕಂಪನಿಯ ಉಗಿಹಡಗುಗಳು ಬೊಂಬಾಯಿಯವರೆಗೂ ಓಡಾಡಿದವು.

ಜಗಳದ ಬೀಜ ಬಿದ್ದದ್ದು ಭಾಷೆಯಲ್ಲಿ. ಆಸ್ಟ್ರಿಯಾದ ಜನಗಣತಿ ಮಾತೃಭಾಷೆಯನ್ನು ಕೇಳುತ್ತಿರಲಿಲ್ಲ, ದಿನಬಳಕೆಯ ಭಾಷೆಯನ್ನು ಕೇಳುತ್ತಿತ್ತು. ಇಟಾಲಿಯನ್ ಮನೆಯಲ್ಲಿ ಕೆಲಸಕ್ಕಿದ್ದ ಸ್ಲೊವೇನಿಯನ್ ಹೆಣ್ಣುಮಗಳು ಲೆಕ್ಕದಲ್ಲಿ ಇಟಾಲಿಯನ್ ಆಗಿಬಿಡುತ್ತಿದ್ದಳು. ಎಣಿಸುತ್ತಿದ್ದದ್ದು ಇಟಾಲಿಯನ್ನರ ಕೈಯಲ್ಲಿದ್ದ ನಗರಸಭೆ. 1910ರ ಎಣಿಕೆಯ ಮೇಲೆ ದೂರುಗಳು ಬಂದು ಸರ್ಕಾರವೇ ಮರು ಎಣಿಕೆ ಮಾಡಿಸಿದಾಗ ಸ್ಲೊವೇನಿಯನ್ನರ ಸಂಖ್ಯೆ ಸುಮಾರು 57,000ಕ್ಕೆ ಏರಿತು. ಇಟಾಲಿಯನ್ ಭಾಷಿಕರು ಸುಮಾರು 1,19,000. ಅಂದರೆ ಇಟಾಲಿಯನ್ನರದೇ ಬಹುಮತ, ಆದರೂ ಸ್ಲೊವೇನಿಯಾದ ಇಂದಿನ ರಾಜಧಾನಿ ಲ್ಯುಬ್ಲಿಯಾನಾಕ್ಕಿಂತ ಹೆಚ್ಚು ಸ್ಲೊವೇನಿಯನ್ನರಿದ್ದ ಊರು ಇದು. ಎರಡೂ ಕಡೆಯವರು ‘ನಮ್ಮ ಊರು’ ಎನ್ನಲು ಕಾರಣವಿತ್ತು.

ಈ ಕತೆಗೆ ಸರಿಯಾದ ಆರಂಭ ಒಬೆರ್ದಾನ್ ಚೌಕ. ಫ್ರಾನ್ಸ್ ಜೋಸೆಫ್ ಚಕ್ರವರ್ತಿಯ ಕೊಲೆಗೆ ಸಂಚು ಹೂಡಿದ್ದಕ್ಕಾಗಿ 1882ರಲ್ಲಿ ಗಲ್ಲಿಗೇರಿದ ಯುವಕನ ಹೆಸರು ಈ ಚೌಕಕ್ಕಿದೆ. ಇಟಲಿಯ ಪಾಲಿಗೆ ಅವನು ಹುತಾತ್ಮ. ಹುಟ್ಟಿದಾಗ ಅವನ ಹೆಸರು ವಿಲ್‌ಹೆಲ್ಮ್ ಒಬೆರ್ದಾಂಕ್, ತಾಯಿ ಸ್ಲೊವೇನಿಯನ್. ಕೊನೆಯ ಅಕ್ಷರ ಕಳಚಿ ಇಟಾಲಿಯನ್ ಆದವನು. ಅಲ್ಲಿಂದ ಕೂಗಳತೆಯಲ್ಲಿದೆ ನಾರೊದ್ನಿ ದೋಮ್. ವಾಸ್ತುಶಿಲ್ಪಿ ಮಾಕ್ಸ್ ಫಾಬಿಯಾನಿ ರೂಪಿಸಿ 1904ರಲ್ಲಿ ಮುಗಿಸಿದ ಸ್ಲೊವೇನಿಯನ್ನರ ಸಮುದಾಯ ಭವನ ಅದು. ರಂಗಮಂದಿರ, ಬ್ಯಾಂಕು, ಹೋಟೆಲು, ಕಾಫಿಗೃಹ ಎಲ್ಲವೂ ಒಂದೇ ಸೂರಿನಡಿ ಇದ್ದವು. 1920ರ ಜುಲೈ 13ರಂದು ಫ್ಯಾಸಿಸ್ಟ್ ಗುಂಪು ಅದಕ್ಕೆ ಬೆಂಕಿ ಇಟ್ಟಿತು. ಮುಸೊಲಿನಿ ಅಧಿಕಾರಕ್ಕೆ ಬರಲು ಇನ್ನೂ ಎರಡು ವರ್ಷವಿತ್ತು ಎಂಬುದನ್ನು ಗಮನಿಸಬೇಕು. ಆಮೇಲೆ ಸ್ಲೊವೇನಿಯನ್ ಶಾಲೆಗಳು ಮುಚ್ಚಿದವು, ಮನೆತನದ ಹೆಸರುಗಳು ಬದಲಾದವು. ‘ನೀರು ಕುಡಿಯುವವನು’ ಎಂಬರ್ಥದ ವೊದೊಪಿವೆತ್ಸ್ ಮನೆತನ ಅದೇ ಅರ್ಥದ ಬೆವಿಲಾಕ್ವಾ ಆಯಿತು. ಹತ್ತು ವರ್ಷದ ಮಗುವಿಗೂ ಈ ಒಂದು ಉದಾಹರಣೆ ಸಾಕು, ಬೇರೆ ಪಾಠ ಬೇಡ.

ನಂತರ ದೊಡ್ಡ ಚೌಕ, ಪಿಯಾತ್ಸಾ ಉನಿತಾ. ಮೂರು ಕಡೆ ಅರಮನೆಯಂಥ ಕಟ್ಟಡಗಳು, ನಾಲ್ಕನೆಯ ಕಡೆ ಸಮುದ್ರ. ಎಲ್ಲರೂ ಫೋಟೊ ತೆಗೆಯುವ ಜಾಗ. 1938ರ ಸೆಪ್ಟೆಂಬರ್ 18ರಂದು ಯೆಹೂದಿಗಳ ವಿರುದ್ಧದ ಜನಾಂಗೀಯ ಕಾನೂನುಗಳನ್ನು ಮುಸೊಲಿನಿ ಸಾರಿದ್ದು ಇಲ್ಲಿಯೇ. ಅದರ ಫಲ ನೋಡಬೇಕಿದ್ದರೆ ನಗರದ ದಕ್ಷಿಣ ಅಂಚಿಗೆ ಹೋಗಬೇಕು, ರಿಸಿಯೆರಾ ದಿ ಸಾನ್ ಸಬ್ಬಾಕ್ಕೆ. ಹೆಸರೇ ಹೇಳುವಂತೆ ಅದೊಂದು ಅಕ್ಕಿ ಗಿರಣಿ. 1943ರ ಸೆಪ್ಟೆಂಬರ್ ನಂತರ ನಾಜಿಗಳು ಅದನ್ನು ಸೆರೆಮನೆ ಮಾಡಿ, 1944ರ ಏಪ್ರಿಲ್‌ನಿಂದ ಶವದಹನ ಒಲೆಯನ್ನೂ ನಡೆಸಿದರು. ಸತ್ತವರು 3,000ದಿಂದ 5,000 ಎಂಬ ಅಂದಾಜಿದೆ. ಹೆಚ್ಚಿನವರು ಇಟಾಲಿಯನ್, ಸ್ಲೊವೇನಿಯನ್ ಮತ್ತು ಕ್ರೊಯೇಷಿಯನ್ ಪ್ರತಿರೋಧಕರು, ಒತ್ತೆಯಾಳುಗಳು. ಯೆಹೂದಿಗಳನ್ನು ಬಹುಪಾಲು ಇಲ್ಲಿಂದ ಬೇರೆ ಶಿಬಿರಗಳಿಗೆ ಸಾಗಿಸಲಾಯಿತು. ಓಡುವ ಮುನ್ನ ನಾಜಿಗಳು ಒಲೆಯನ್ನು ಸ್ಫೋಟಿಸಿದರು. ಈಗ ಅದಿದ್ದ ಜಾಗವನ್ನು ಉಕ್ಕಿನ ಹಾಸು ಗುರುತಿಸುತ್ತದೆ. ಒಳಗೆ 17 ಕಿರುಕೋಣೆಗಳಿವೆ, ಒಂದೊಂದರಲ್ಲೂ ಆರು ಜನರವರೆಗೆ ತುಂಬುತ್ತಿದ್ದರು. ಪ್ರವೇಶ ಉಚಿತ, ನಗರದ 10ನೇ ಬಸ್ ಹೋಗುತ್ತದೆ. ಹನ್ನೆರಡರ ಕೆಳಗಿನ ಮಕ್ಕಳನ್ನು ಕರೆದೊಯ್ಯದಿರುವುದೇ ಲೇಸು. ಪ್ರವೇಶದ್ವಾರದ ಕಾಂಕ್ರೀಟ್ ಗೋಡೆಗಳು 11 ಮೀಟರ್ ಎತ್ತರ; ಅವುಗಳ ನಡುವಿನ ಓಣಿಯೇ ಎಳೆಯ ಮಕ್ಕಳನ್ನು ಬೆದರಿಸುತ್ತದೆ. ಇಬ್ಬರು ದೊಡ್ಡವರಿದ್ದರೆ ಒಬ್ಬರು ಚಿಕ್ಕವರೊಂದಿಗೆ ಬಾರ್ಕೊಲಾ ಕಡಲ ದಡದಲ್ಲಿರಲಿ.

ಇನ್ನು ಗುಡ್ಡದ ಮೇಲೆ, ಬಸೊವಿಝಾ ಗ್ರಾಮ. ಸುಣ್ಣಕಲ್ಲಿನ ಈ ಪ್ರಸ್ಥಭೂಮಿಯನ್ನು ಇಟಾಲಿಯನ್ನಿನಲ್ಲಿ ಕಾರ್ಸೊ, ಸ್ಲೊವೇನಿಯನ್ನಿನಲ್ಲಿ ಕ್ರಾಸ್, ಜರ್ಮನ್ನಿನಲ್ಲಿ ಕಾರ್ಸ್ಟ್ ಎನ್ನುತ್ತಾರೆ. ಭೂಗೋಳದ ಪುಸ್ತಕಗಳಲ್ಲಿ ಬರುವ ‘ಕಾರ್ಸ್ಟ್’ ಪದ ಹುಟ್ಟಿದ್ದು ಇಲ್ಲಿಂದಲೇ. ಮಳೆನೀರು ಕಲ್ಲನ್ನು ಕರಗಿಸಿ ಆಳವಾದ ಬಿಲಗಳನ್ನು ಮಾಡುತ್ತದೆ, ಅವೇ ಫೊಯ್ಬೆ. 1945ರ ಮೇ 1ರಂದು, ಆಗ ಸ್ಲೊವೇನಿಯಾ ಮತ್ತು ಕ್ರೊಯೇಷಿಯಾಗಳನ್ನೂ ಒಳಗೊಂಡಿದ್ದ ಯುಗೊಸ್ಲಾವಿಯಾದ ಸೇನೆ ನಗರಕ್ಕೆ ಬಂತು, ಮರುದಿನ ನ್ಯೂಜಿಲೆಂಡ್ ಪಡೆ ಬಂತು. ಜೂನ್ 12ರವರೆಗಿನ ಸುಮಾರು ನಲವತ್ತು ದಿನಗಳಲ್ಲಿ ಯುಗೊಸ್ಲಾವ್ ಅಧಿಕಾರಿಗಳು ಸಾವಿರಾರು ಜನರನ್ನು ಬಂಧಿಸಿದರು. ಅವರಲ್ಲಿ ಫ್ಯಾಸಿಸ್ಟರಿದ್ದರು, ಪೊಲೀಸರಿದ್ದರು, ಯಾವ ತಪ್ಪೂ ಮಾಡದವರೂ ಇದ್ದರು. ಕೆಲವರನ್ನು ಕೊಂದು ಈ ಬಿಲಗಳಿಗೆ ಎಸೆದರು, ಹಲವರು ಶಿಬಿರಗಳಲ್ಲಿ ಸತ್ತರು. ಬಸೊವಿಝಾದ ಗುಂಡಿ ಮಾತ್ರ ನೈಸರ್ಗಿಕ ಬಿಲವಲ್ಲ, ಕಲ್ಲಿದ್ದಲಿಗಾಗಿ ತೋಡಿ ಕೈಬಿಟ್ಟ ಗಣಿ. 1992ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. 2004ರ ಕಾನೂನಿನಂತೆ ಪ್ರತಿ ಫೆಬ್ರುವರಿ 10ರಂದು ಇಟಲಿ ಸ್ಮರಣೆಯ ದಿನ ಆಚರಿಸುತ್ತದೆ. ಸತ್ತವರ ಸಂಖ್ಯೆಯ ಜಗಳ ಇನ್ನೂ ಮುಗಿದಿಲ್ಲ. ಗೈಡು ಒಂದೇ ಅಂಕಿಯನ್ನು ಖಡಾಖಂಡಿತವಾಗಿ ಹೇಳಿದರೆ ಅದು ಅವರ ಪಕ್ಷ ಎಂದು ತಿಳಿಯಿರಿ. ಇಟಲಿ ಮತ್ತು ಸ್ಲೊವೇನಿಯಾದ ಇತಿಹಾಸಕಾರರ ಜಂಟಿ ಆಯೋಗ 2000ದಲ್ಲಿ ಮುಗಿಸಿದ ವರದಿ ಎರಡೂ ಕಡೆಯ ಕ್ರೌರ್ಯವನ್ನು ಒಂದೇ ಕಾಲಾನುಕ್ರಮದಲ್ಲಿ ಇಡುತ್ತದೆ. ಹೊರಡುವ ಮುನ್ನ ಓದಲು ಅದಕ್ಕಿಂತ ಒಳ್ಳೆಯದಿಲ್ಲ.

ಅದೇ ಬಸೊವಿಝಾದಲ್ಲಿ, ಹೆಚ್ಚು ದೂರವಿಲ್ಲದ ಬಯಲಿನಲ್ಲಿ, 1930ರ ಸೆಪ್ಟೆಂಬರ್ 6ರಂದು ಫ್ಯಾಸಿಸ್ಟ್ ನ್ಯಾಯಮಂಡಳಿಯ ತೀರ್ಪಿನಂತೆ ಗುಂಡಿಗೆ ಬಲಿಯಾದ ನಾಲ್ವರು ಸ್ಲೊವೇನಿಯನ್-ಕ್ರೊಯೇಷಿಯನ್ ಯುವಕರ ಸ್ಮಾರಕವಿದೆ. ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ಎರಡರಲ್ಲಿ ಒಂದರ ಬಳಿ ಮಾತ್ರ ನಿಲ್ಲುತ್ತವೆ. 2020ರ ಜುಲೈ 13ರಂದು, ನಾರೊದ್ನಿ ದೋಮ್ ಸುಟ್ಟು ನೂರು ವರ್ಷವಾದ ದಿನ, ಇಟಲಿಯ ರಾಷ್ಟ್ರಪತಿ ಸೆರ್ಜೊ ಮತ್ತರೆಲ್ಲಾ ಮತ್ತು ಸ್ಲೊವೇನಿಯಾದ ರಾಷ್ಟ್ರಪತಿ ಬೊರುತ್ ಪಾಹೊರ್ ಇಬ್ಬರೂ ಕೈ ಕೈ ಹಿಡಿದು ಗಣಿಯ ಮುಂದೆಯೂ ನಿಂತರು, ಈ ನಾಲ್ವರ ಕಲ್ಲಿನ ಮುಂದೆಯೂ ನಿಂತರು. ಭವನವನ್ನು ಸ್ಲೊವೇನಿಯನ್ ಸಮುದಾಯಕ್ಕೆ ಮರಳಿಸುವ ಒಪ್ಪಂದಕ್ಕೂ ಅಂದೇ ಸಹಿ ಬಿತ್ತು. ಅವರು ನಡೆದ ಈ ದಾರಿಯನ್ನೇ ಅನುಸರಿಸಿ. ಹಾಗೆ ನೋಡಲು ಒಂದು ಪೂರ್ತಿ ದಿನ ಬೇಕು.

1947ರ ಪ್ಯಾರಿಸ್ ಒಪ್ಪಂದ ಊರನ್ನು ಯಾರಿಗೂ ಕೊಡದೆ ‘ತ್ರಿಯೆಸ್ತೆ ಮುಕ್ತ ಪ್ರದೇಶ’ ಎಂಬ ಹೊಸ ನಾಡನ್ನೇ ಸೃಷ್ಟಿಸಿತು. ಅದಕ್ಕೆ ರಾಜ್ಯಪಾಲರನ್ನು ನೇಮಿಸುವುದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕೆಲಸವಾಗಿತ್ತು, ಒಮ್ಮತವಾಗಲೇ ಇಲ್ಲ. ನಗರವಿದ್ದ ‘ಎ’ ವಲಯ ಬ್ರಿಟಿಷ್-ಅಮೆರಿಕನ್ ಸೇನೆಯ ಕೈಲಿ, ದಕ್ಷಿಣದ ‘ಬಿ’ ವಲಯ ಯುಗೊಸ್ಲಾವಿಯಾದ ಕೈಲಿ. 1954ರ ಅಕ್ಟೋಬರ್‌ನಲ್ಲಿ ಲಂಡನ್ ಒಡಂಬಡಿಕೆಯಂತೆ ನಗರ ಇಟಲಿಯ ಆಡಳಿತಕ್ಕೆ ಮರಳಿತು, 1975ರ ಓಸಿಮೊ ಒಪ್ಪಂದ ಗಡಿಯನ್ನು ಖಾಯಂ ಮಾಡಿತು. ಯುಗೊಸ್ಲಾವಿಯಾದ ಪಾಲಾದ ಇಸ್ತ್ರಿಯಾ, ಫಿಯುಮೆ (ಇಂದಿನ ಕ್ರೊಯೇಷಿಯಾದ ರಿಯೆಕಾ), ದಾಲ್ಮೇಷಿಯಾಗಳಿಂದ ಎರಡು ಲಕ್ಷಕ್ಕೂ ಮೀರಿದ ಜನ, ಹೆಚ್ಚಾಗಿ ಇಟಾಲಿಯನ್ನರು, ಮನೆ ಬಿಟ್ಟು ಬಂದರು. ಅವರು ತಂದು ಮತ್ತೆ ಒಯ್ಯಲಾಗದ ಕುರ್ಚಿ, ಮಂಚ, ಪಾತ್ರೆ, ಫೋಟೊ, ಶಾಲಾ ಪುಸ್ತಕಗಳು ಹಳೆ ಬಂದರಿನ ಗೋದಾಮಿನಲ್ಲಿ ಹೆಸರು ಬರೆದ ಚೀಟಿಗಳ ಸಮೇತ ಉಳಿದಿವೆ. ನೋಡಲು ಮುಂಗಡ ಕಾಯ್ದಿರಿಸಬೇಕು, ಮಾರ್ಗದರ್ಶಿಯೊಂದಿಗೆ ಮಾತ್ರ ಬಿಡುತ್ತಾರೆ. ಅದೇ 1947ರ ಒಪ್ಪಂದದ ಎಂಟನೇ ಅನುಬಂಧ ಬಂದರಿಗೆ ಕೊಟ್ಟ ಸುಂಕಮುಕ್ತ ಸ್ಥಾನ ಇಂದಿಗೂ ಜಾರಿಯಲ್ಲಿದೆ. 2023ರಲ್ಲಿ ದೆಹಲಿಯ ಜಿ-20 ಸಭೆಯಲ್ಲಿ ಸಾರಿದ ಭಾರತ-ಮಧ್ಯಪ್ರಾಚ್ಯ-ಯುರೋಪ್ ಕಾರಿಡಾರಿಗೆ ಇದೇ ಯುರೋಪಿನ ಬಾಗಿಲಾಗಬೇಕೆಂದು ಇಟಲಿ ಒತ್ತಾಯಿಸುತ್ತಿದೆ.

ವಿಗ್ರಹಗಳೂ ಈ ಜಗಳದಲ್ಲಿ ಸಿಕ್ಕಿಕೊಂಡಿವೆ. 1921ರಲ್ಲಿ ಕಿತ್ತ, ಫ್ರಾನ್ಸ್ ಜೋಸೆಫ್ ಚಕ್ರವರ್ತಿಯ ಪತ್ನಿ ಎಲಿಜಬೆತ್ ರಾಣಿಯ ವಿಗ್ರಹ 1997ರಲ್ಲಿ ರೈಲು ನಿಲ್ದಾಣದ ಮುಂದೆ ಮರಳಿ ನಿಂತಿತು. ಮಿರಮಾರೆ ಕೋಟೆ ಕಟ್ಟಿಸಿ, ಮೆಕ್ಸಿಕೊದ ಚಕ್ರವರ್ತಿಯಾಗಲು ಹೋಗಿ 1867ರಲ್ಲಿ ಗುಂಡಿಗೆ ಬಲಿಯಾದ, ಅದೇ ಚಕ್ರವರ್ತಿಯ ತಮ್ಮ ಮಾಕ್ಸಿಮಿಲಿಯನ್‌ನ ವಿಗ್ರಹ ತನ್ನ ಚೌಕಕ್ಕೆ ಬಂದದ್ದು 2009ರಲ್ಲಿ. ಫಿಯುಮೆಯನ್ನು ಆಕ್ರಮಿಸಿದ್ದ ಇಟಾಲಿಯನ್ ಕವಿ ದನ್ನುನ್ತ್ಸಿಯೊನ ವಿಗ್ರಹವನ್ನು ಆ ಆಕ್ರಮಣದ ನೂರನೇ ವರ್ಷದಂದೇ, 2019ರ ಸೆಪ್ಟೆಂಬರ್ 12ರಂದು, ಅನಾವರಣ ಮಾಡಿದಾಗ ಕ್ರೊಯೇಷಿಯಾ ಪ್ರತಿಭಟಿಸಿತು.

ಮಕ್ಕಳಿಗೆ ಉಸಿರಾಡಲು ಬಿಡುವೂ ಬೇಕು. ಮಿರಮಾರೆಯ ಉದ್ಯಾನ 22 ಹೆಕ್ಟೇರ್, 6ನೇ ಬಸ್ ಆ ಕಡೆ ಹೋಗುತ್ತದೆ. ಟಿಕೆಟ್ ಮುಂಚೆಯೇ ಕೊಂಡು, ಹತ್ತಿದೊಡನೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಮರೆತರೆ ಟಿಕೆಟ್ ಇದ್ದರೂ ದಂಡ. ಗ್ರೊತ್ತಾ ಜಿಗಾಂತೆ ಗುಹೆಯಲ್ಲಿ ಇಳಿಯಲು 500 ಮೆಟ್ಟಿಲು, ಹತ್ತಲು ಮತ್ತೆ 500, ಒಳಗೆ ವರ್ಷವಿಡೀ 11 ಡಿಗ್ರಿ. ಬೇಸಿಗೆಯಲ್ಲೂ ಸ್ವೆಟರ್ ಬೇಕು, ತಳ್ಳುಗಾಡಿ ಒಯ್ಯುವಂತಿಲ್ಲ. ಒಬೆರ್ದಾನ್ ಚೌಕದಿಂದ ಒಪಿಚಿನಾಕ್ಕೆ ಏರುವ 1902ರ ಟ್ರಾಮು 2016ರ ಅಪಘಾತದ ನಂತರ ನಿಂತು 2025ರ ಫೆಬ್ರುವರಿಯಲ್ಲಿ ಮತ್ತೆ ಹೊರಟಿತು. ಆ ದಿನ ಓಡುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ಪೆದೊಚಿನ್ ಈಜು ದಡದಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವ ಗೋಡೆ ಇಂದಿಗೂ ಇದೆ. ಹನ್ನೆರಡರೊಳಗಿನ ಮಕ್ಕಳು ತಾಯಂದಿರ ಕಡೆ ಹೋಗುತ್ತಾರೆ.

ಚಳಿಗಾಲದಲ್ಲಿ ಈಶಾನ್ಯದಿಂದ ಗುಡ್ಡ ಇಳಿದು ಬರುವ ಬೋರಾ ಗಾಳಿಯ ಬೀಸು ಗಂಟೆಗೆ 100 ಕಿ.ಮೀ. ದಾಟುತ್ತದೆ. ಬೀದಿ ಮೂಲೆಗಳಲ್ಲಿ ಹಿಡಿದು ನಡೆಯಲು ಹಗ್ಗ ಕಟ್ಟುತ್ತಿದ್ದ ಊರಿದು. ಅಂಥ ದಿನ ಕಲ್ಲಿನ ಕಟ್ಟೆಯತ್ತ ಸುಳಿಯಬೇಡಿ, ಕೊಡೆ ಬಿಚ್ಚಬೇಡಿ.

ಕಾಫಿಯ ಮಾತು ಬೇರೆಯೇ. ಭಾರತದ ಕಾಫಿಗೆ ಅತಿ ದೊಡ್ಡ ಗಿರಾಕಿ ಇಟಲಿ, ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಇಟಲಿಯ ಮುಖ್ಯ ಕಾಫಿ ಬಂದರುಗಳಲ್ಲೊಂದು ತ್ರಿಯೆಸ್ತೆ. ಇಲ್ಲಿ ಎಸ್ಪ್ರೆಸೊಗೆ ‘ನೇರೊ’ ಎನ್ನಬೇಕು. ‘ಕಾಪೊ’ ಎಂದರೆ ಸ್ವಲ್ಪ ಹಾಲು ಬೆರೆಸಿದ್ದು, ‘ಕಾಪೊ ಇನ್ ಬಿ’ ಎಂದರೆ ಅದೇ ಕಾಫಿ ಗಾಜಿನ ಲೋಟದಲ್ಲಿ. ಸಸ್ಯಾಹಾರಿಗಳು ಯೋತಾ ಎಂಬ ಬೀನ್ಸ್ ಕಾಳು-ಕೋಸಿನ ಸಾರನ್ನು ಕೇಳದೆ ತಿನ್ನಬಾರದು, ಹಂದಿಮಾಂಸ ಹಾಕಿರುವುದೇ ಹೆಚ್ಚು. ಪ್ಲಮ್ ಹಣ್ಣು ತುಂಬಿದ ಆಲೂಗಡ್ಡೆಯ ನ್ಯೊಕ್ಕಿ ಮಕ್ಕಳಿಗೆ ಹಿಡಿಸುತ್ತದೆ.

ಇಟಲಿಯಲ್ಲೇ ಹೆಚ್ಚು ದಿನ ಉಳಿಯುವುದಾದರೆ ಷೆಂಗೆನ್ ವೀಸಾಕ್ಕೆ ಇಟಲಿಗೇ ಅರ್ಜಿ ಹಾಕಬೇಕು. ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದವರೆಗೆ 45, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಕನಿಷ್ಠ 30,000 ಯೂರೊ ವಿಮೆ ಬೇಕು. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ಸೇರಿದ್ದರಿಂದ ಫಿಯುಮೆ, ಅಂದರೆ ಇಂದಿನ ರಿಯೆಕಾಕ್ಕೆ ಹೋಗಿಬರಲು ಈಗ ಒಂದೇ ಪ್ರವೇಶದ ವೀಸಾ ಸಾಕು. ಬಾಡಿಗೆ ಕಾರಿನಲ್ಲಿ ಹೋಗುವವರು ಗಡಿ ದಾಟಲು ಕಂಪನಿಯ ಅನುಮತಿಯನ್ನೂ ಸ್ಲೊವೇನಿಯಾದ ಹೆದ್ದಾರಿಗೆ ಇ-ವಿನ್ಯೆಟನ್ನೂ (ಹೆದ್ದಾರಿ ಶುಲ್ಕದ ಡಿಜಿಟಲ್ ಪರವಾನಗಿ) ಮೊದಲೇ ಪಡೆಯಬೇಕು. ತ್ರಿಯೆಸ್ತೆಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಆ ಹೆದ್ದಾರಿ ಸಿಗುತ್ತದೆ, ವಿನ್ಯೆಟ್ ಇಲ್ಲದಿದ್ದರೆ ದಂಡ ನೂರಾರು ಯೂರೊ. 2007ರ ಡಿಸೆಂಬರ್‌ನಲ್ಲಿ ಈ ಗಡಿಯ ಅಡ್ಡಗಂಬಗಳನ್ನು ತೆಗೆದಿದ್ದರು. 2023ರ ಅಕ್ಟೋಬರ್ 21ರಿಂದ ಇಟಲಿ ಮತ್ತೆ ತಪಾಸಣೆ ಆರಂಭಿಸಿ ಅವಧಿಯನ್ನು ವಿಸ್ತರಿಸುತ್ತ ಬಂದಿದೆ. ಮಕ್ಕಳದೂ ಸೇರಿದಂತೆ ಎಲ್ಲ ಪಾಸ್‌ಪೋರ್ಟ್‌ಗಳು ಹೋಟೆಲ್ ಕೋಣೆಯಲ್ಲಲ್ಲ, ಕೈಚೀಲದಲ್ಲಿರಲಿ.