ಜಾಮೀನು ಸಿಕ್ಕ ಮೇಲೂ ಮುಗಿಯದ ಸೆರೆವಾಸ

ಮುಂಬಯಿ, ಠಾಣೆ ಭಾಗದ ಕಾರಾಗೃಹಗಳಲ್ಲಿ ಕಾನೂನು ನೆರವಿನ ವಕೀಲನಾಗಿ ನಾನು ಭೇಟಿಯಾಗುವ ಕನ್ನಡಿಗರಲ್ಲಿ ಕೆಲವರು ಜಾಮೀನು ಮಂಜೂರಾಗಿ ತಿಂಗಳುಗಳು ಕಳೆದರೂ ಒಳಗೇ ಉಳಿದಿರುತ್ತಾರೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಮೇಸ್ತ್ರಿಯ ಶೆಡ್ಡಿನಲ್ಲಿ ಮಲಗುತ್ತಿದ್ದವನಿಗೆ, ಬಿಡುಗಡೆಗಾಗಿ ನ್ಯಾಯಾಲಯ ಕೇಳುವ, ಮಹಾರಾಷ್ಟ್ರದ ರೇಷನ್ ಕಾರ್ಡೂ ಆಸ್ತಿಯ ದಾಖಲೆಯೂ ಇರುವ ಸ್ಥಳೀಯ ಜಾಮೀನುದಾರ ಎಲ್ಲಿಂದ ಸಿಗಬೇಕು? ಊರಲ್ಲಿ ಅಣ್ಣನ ಹೆಸರಿನಲ್ಲಿ ಹೊಲವಿದ್ದರೂ ಆ ಪಹಣಿ ಇಲ್ಲಿ ನಡೆಯುವುದು ಕಷ್ಟ.

ಈ ಕಾಯುವಿಕೆ ಮನೆಯನ್ನು ಸದ್ದಿಲ್ಲದೆ ಕುಸಿಯುವಂತೆ ಮಾಡುತ್ತದೆ. ಕೂಲಿ ನಿಲ್ಲುತ್ತದೆ, ಮೇಸ್ತ್ರಿಯಿಂದ ಪಡೆದ ಮುಂಗಡವನ್ನು ಹೆಂಡತಿ ದುಡಿದು ತೀರಿಸಬೇಕಾಗುತ್ತದೆ, ಓದುತ್ತಿದ್ದ ದೊಡ್ಡ ಮಗ ಕೆಲಸಕ್ಕೆ ಸೇರುತ್ತಾನೆ. ಇಡೀ ರಾತ್ರಿ ರೈಲಿನಲ್ಲಿ ಬಂದ ತಾಯಿಗೆ ಮುಲಾಖತ್‌ನಲ್ಲಿ ದೊರೆಯುವುದು ಕೆಲವೇ ನಿಮಿಷ. ಒಳಗಿರುವವನಲ್ಲಿ ಆಗುವ ಬದಲಾವಣೆ ನನ್ನನ್ನು ಇನ್ನೂ ಹೆಚ್ಚು ಕಳವಳಗೊಳಿಸುತ್ತದೆ: ಮೊದಮೊದಲು ಪ್ರತಿ ಭೇಟಿಯಲ್ಲೂ ಮುಂದಿನ ತಾರೀಖು ಕೇಳುತ್ತಿದ್ದವನು ಕ್ರಮೇಣ ಏನನ್ನೂ ಕೇಳುವುದಿಲ್ಲ, ಬಳಿಕ ಒಂದು ದಿನ, ‘ತಪ್ಪು ಒಪ್ಕೊಂಡ್ರ ಬಿಡ್ತಾರಂತಲ್ರಿ ಸಾಹೇಬ್ರ?’ ಎನ್ನುತ್ತಾನೆ. ಸಣ್ಣ ಕಳ್ಳತನದ ಪ್ರಕರಣಗಳಲ್ಲಿ ಈಗಾಗಲೇ ಕಳೆದ ಅವಧಿಯನ್ನೇ ಶಿಕ್ಷೆಯೆಂದು ಪರಿಗಣಿಸುವ ಸಾಧ್ಯತೆ ಇರುವುದರಿಂದ ಅವನ ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ಮಾಡದ ಅಪರಾಧಕ್ಕೆ ಅಪರಾಧಿಯೆನಿಸಿಕೊಂಡವನಿಗೆ ಮುಂದೆ ಪೊಲೀಸ್ ಪರಿಶೀಲನೆ ಕೇಳುವ ಯಾವ ಕೆಲಸವೂ ಸುಲಭವಾಗಿ ಸಿಗುವುದಿಲ್ಲ.

2022ರ ಕೊನೆಯಲ್ಲಿ ದೇಶದ ಕೈದಿಗಳಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನರಾಗಿದ್ದರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ. ಕಾನೂನು ಇದಕ್ಕೆ ಕಣ್ಣು ಮುಚ್ಚಿಲ್ಲ. 1978ರಲ್ಲಿ ಮೋತಿ ರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣದಲ್ಲಿ, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದೆಯೆಂಬ ಕಾರಣಕ್ಕೆ ಅವನ ಸಹೋದರನ ಜಾಮೀನನ್ನು ತಿರಸ್ಕರಿಸಿದ್ದನ್ನು ಖಂಡಿಸಿದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ದೂರದೂರಿನಲ್ಲಿ ಬಂಧನಕ್ಕೊಳಗಾದ ಕನ್ನಡಿಗನೋ ಮಲಯಾಳಿಯೋ ಏನು ಮಾಡಬೇಕೆಂದು ನೇರವಾಗಿ ಪ್ರಶ್ನಿಸಿದ್ದರು. ಅಷ್ಟು ವರ್ಷಗಳ ಬಳಿಕ, 2023ರ ಜನವರಿ 31ರಂದು, ಬಿಡುಗಡೆಗೆ ಸ್ಥಳೀಯ ಜಾಮೀನಿನ ಷರತ್ತೇ ಅಡ್ಡಿಯಾಗುವಲ್ಲಿ ಅದನ್ನು ವಿಧಿಸದಿರಬಹುದೆಂದೂ, ಒಂದು ತಿಂಗಳಲ್ಲಿ ಮುಚ್ಚಳಿಕೆ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದೆಂದೂ ಸುಪ್ರೀಂ ಕೋರ್ಟ್ ಸೂಚಿಸಿತು. ಅದೇ ವರ್ಷ ಬಡ ಕೈದಿಗಳಿಗಾಗಿ ಬಂದ ಕೇಂದ್ರದ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ ಆರಂಭದಲ್ಲಿ 40,000 ರೂಪಾಯಿವರೆಗೆ ನೆರವು ನಿಗದಿಯಾಗಿತ್ತು. ಹಿಂದೆ ಯಾವ ಅಪರಾಧದಲ್ಲೂ ದೋಷಿಯೆನಿಸದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಾಗಲಿ ಬೇರೆ ಬಾಕಿ ಪ್ರಕರಣಗಳಾಗಲಿ ಇಲ್ಲದಿದ್ದಲ್ಲಿ, ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಡಿ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹನಾಗುತ್ತಾನೆ.

ಇವು ತಾವಾಗಿ ಕೈದಿಯ ಬಳಿಗೆ ಬರುವುದಿಲ್ಲ, ಯಾರಾದರೂ ಕೇಳಬೇಕು. ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಮನೆಯವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಇಲ್ಲಿ ನೆಲೆನಿಂತ ಕನ್ನಡಿಗರಲ್ಲಿ, ಅದರಲ್ಲೂ ಕನ್ನಡ ಸಂಘಗಳ ಹಿರಿಯರಲ್ಲಿ, ನನ್ನದೊಂದು ಕೋರಿಕೆಯಿದೆ. ಜಾಮೀನು ನಿಂತರೆ ಆರೋಪಿಯ ಅಪರಾಧ ತಮ್ಮ ತಲೆಗೆ ಬರುತ್ತದೆಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ, ಅವನು ವಿಚಾರಣೆಗೆ ತಪ್ಪಿಸಿಕೊಂಡರೆ ಮುಚ್ಚಳಿಕೆಯಲ್ಲಿ ಬರೆದ ಮೊತ್ತಕ್ಕೆ ಮಾತ್ರ ನೀವು ಹೊಣೆ. ಕುಟುಂಬವನ್ನು ವಿಚಾರಿಸಿ, ವಕೀಲರೊಡನೆ ಮಾತನಾಡಿ, ನಂಬಿಕೆ ಬಂದವರಿಗೆ ದಯವಿಟ್ಟು ಜಾಮೀನು ನಿಲ್ಲಿ.