ಮುದ್ದೆ ಸರಿ, ಬಸ್ಸಾರು ಬೇಡ

ನಮ್ಮ ನಾಯಿ ಕರಿಯನಿಗೆ ಈಗ 13 ವರ್ಷ. ಬಾಯಲ್ಲಿ ಎರಡು ಕೋರೆಹಲ್ಲು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲ. ಹೋದ ಸುಗ್ಗಿಯಲ್ಲಿ ಪಕ್ಕದ ತೋಟದವರು ಒಂದು ಚೀಲ ದ್ರಾಕ್ಷಿ ತಂದುಕೊಟ್ಟರು. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿಗೇನು ಬರ? "ಮುದುಕ ಆಗಿದ್ದಾನೆ, ಮೆತ್ತಗಿರುತ್ತೆ, ಇವನಿಗೂ ನಾಲ್ಕು ಹಾಕಿ" ಅಂದರು. ನಾನು ಚೀಲವನ್ನು ಎತ್ತಿ ಅಟ್ಟದ ಮೇಲಿಟ್ಟೆ. ಅವರಿಗೆ ಬೇಜಾರಾಯಿತು. "ನಮ್ಮ ತೋಟದ ನಾಯಿ ಉದುರಿದ್ದನ್ನೆಲ್ಲ ತಿನ್ನುತ್ತೆ, ಗುಂಡುಕಲ್ಲಿನ ಹಾಗಿದೆ!"

ಇರಬಹುದು. ಆದರೆ ಇಪ್ಪತ್ತು ವರ್ಷ ಪಶುವೈದ್ಯರ ತಲೆ ಕೆಡಿಸಿದ್ದೂ ಇದೇ ಮಾತು.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೈಕೊಡುತ್ತಿದೆ ಎಂದು ಅಮೆರಿಕದ ಪಶುವೈದ್ಯರು 2001ರಲ್ಲಿ ಬರೆದರು. ಯಾಕೆ ಅನ್ನೋದು ಗೊತ್ತಾಗಲಿಲ್ಲ. ಕೀಟನಾಶಕ ಅಂದರು, ಬೂಷ್ಟು ಅಂದರು. ಯಾವುದೂ ತಾಳೆಯಾಗಲಿಲ್ಲ. ಒಂದು ನಾಯಿ ಗೊಂಚಲು ತಿಂದು ಬಾಲ ಆಡಿಸುತ್ತಿತ್ತು, ಇನ್ನೊಂದು ನಾಲ್ಕು ಹಣ್ಣಿಗೇ ಮಲಗಿಬಿಡುತ್ತಿತ್ತು. ಕೊನೆಗೆ ಸುಳಿವು ಸಿಕ್ಕಿದ್ದು ಮಕ್ಕಳು ಗೊಂಬೆ ಮಾಡುವ ಬಣ್ಣದ ಹಿಟ್ಟಿನಿಂದ. ಮನೆಯಲ್ಲಿ ಕಲಸಿದ ಆ ಹಿಟ್ಟನ್ನು ತಿಂದ ನಾಯಿಗೂ ಥೇಟ್ ಅದೇ ಕಾಯಿಲೆ. ಹಿಟ್ಟಿನಲ್ಲಿದ್ದದ್ದು ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯ ಹುಳಿಯೂ ಅದೇ ಆಮ್ಲ. 2021ರಲ್ಲಿ ಎರಡನ್ನೂ ಜೋಡಿಸಿ ನೋಡಿದರು. ತಳಿ, ಮಾಗಿದ ಹದ ನೋಡಿಕೊಂಡು ಹಣ್ಣಿನಲ್ಲಿ ಈ ಆಮ್ಲ ಏರಿಳಿಯುತ್ತದೆ. ತೋಟದ ನಾಯಿಯ ಅದೃಷ್ಟಕ್ಕೆ ಕಾರಣ ಅಲ್ಲಿರಬಹುದು. (1848ರಲ್ಲಿ ಲೂಯಿ ಪಾಶ್ಚರ್ ಚಿಮಟದಲ್ಲಿ ಹರಳು ಆರಿಸಿ, ಎಡಗೈ ಬಲಗೈಗಳ ಹಾಗೆ ಅಣುಗಳಲ್ಲೂ ಕನ್ನಡಿ ಜೋಡಿ ಇರುತ್ತವೆ ಎಂದು ತೋರಿಸಿದ್ದು ಇದೇ ಆಮ್ಲದ ಲವಣದಲ್ಲಿ. ನನಗೆ ಈ ಕತೆ ಎಷ್ಟು ಸಲ ಹೇಳಿದರೂ ಸಾಲದು.)

ಇಷ್ಟೇ ಆಗಿದ್ದರೆ ದ್ರಾಕ್ಷಿ ತೋಟದವರು ಮಾತ್ರ ಹುಷಾರಾಗಿದ್ದರೆ ಸಾಕಿತ್ತು. ಆದರೆ ಟಾರ್ಟಾರಿಕ್ ಆಮ್ಲ ದಂಡಿಯಾಗಿ ಇರುವುದು ಹುಣಸೆಹಣ್ಣಿನಲ್ಲಿ. 2022ರ ವರದಿಯಲ್ಲಿ ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳೂ ಇವೆ. ನಮ್ಮ ಕಡೆ ನಾಯಿ ತಟ್ಟೆಗೆ ಬೀಳುವುದೇನು? ಮಿಕ್ಕ ಮುದ್ದೆ, ಅದರ ಮೇಲೆ ಬಸ್ಸಾರು. ಹುಣಸೆ ಜೊತೆಗೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೇರೆ. ಅವು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ನಮಗೆ ದಕ್ಕುವ ಹುಳಿ ನಾಯಿಗೆ ಯಾಕೆ ದಕ್ಕುವುದಿಲ್ಲ? ನಮ್ಮದು ಹೊಳೆ ಇಲ್ಲದ ಸೀಮೆ, ಕೆರೆಯೇ ಗತಿ. ಕೆರೆಗೆ ಕಾಲುವೆ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ಕೋಡಿ ಮುಚ್ಚಿದರೆ ಏರಿ ಒಡೆಯುತ್ತೆ. ಕಿಡ್ನಿಯ ಒಂದೊಂದು ಕೋಶವೂ ಒಂದೊಂದು ಕೆರೆ. ಮನುಷ್ಯರ ಕೋಶದಲ್ಲಿ ಓಎಟಿ-4 ಎಂಬ ಪ್ರೋಟೀನಿನ ಕೋಡಿ ಇದೆ, ನಾಯಿಗೆ ಅದಿಲ್ಲ. ಆಮ್ಲ ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ಕೋಲಾರದ ಟೊಮೆಟೊ ಮಂಡಿ ನೆನಪಿಸಿಕೊಳ್ಳಿ. ಹಳ್ಳಿಯಿಂದ ಟೆಂಪೋಗಳು ಬರುತ್ತಲೇ ಇವೆ, ಹೊರಡುವ ಲಾರಿ ಒಂದೂ ಇಲ್ಲ. ಮೂರನೇ ದಿನ ಕ್ರೇಟುಗಳಲ್ಲಿ ಏನಿರುತ್ತೆ? ಅದೇ ಇಲ್ಲಿ ಆಗೋದು.

ಇದನ್ನು ಪರೀಕ್ಷಿಸಿದ ಬಗೆ ಇನ್ನೂ ಚೆಂದ. 1958ರಲ್ಲಿ ಮ್ಯಾಡಿನ್, ಡಾರ್ಬಿ ಎಂಬಿಬ್ಬರು ಒಂದು ಕಾಕರ್ ಸ್ಪ್ಯಾನಿಯಲ್ ನಾಯಿಯ ಕಿಡ್ನಿ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ಆ ನಾಯಿ ಯಾವತ್ತೋ ಹೋಯಿತು, ಅದರ ಕೋಶಗಳು ಇವತ್ತಿಗೂ ಲೋಕದ ಲ್ಯಾಬುಗಳಲ್ಲೆಲ್ಲ ಬೆಳೆಯುತ್ತಿವೆ. ಅವುಗಳಲ್ಲಿ ಫ್ಲೂ ಲಸಿಕೆಯನ್ನೂ ತಯಾರಿಸುತ್ತಾರೆ. ಅವೇ ಕೋಶಗಳಿಗೆ ಟಾರ್ಟಾರಿಕ್ ಆಮ್ಲ ಹಾಕಿದಾಗ ಸತ್ತವು. ಮನುಷ್ಯರ ಕಿಡ್ನಿ ಕೋಶಗಳಿಗೆ ಏನೂ ಆಗಲಿಲ್ಲ. ನಾಯಿ ಕೋಶಕ್ಕೆ ಮನುಷ್ಯರ ಓಎಟಿ-4 ಕೂಡಿಸಿದಾಗ ಅದೂ ಬದುಕಿಕೊಂಡಿತು!

ಮುದಿ ನಾಯಿಗೆ ಇದು ಇನ್ನೂ ಕಷ್ಟ. ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ) ಅಷ್ಟಾಗಿ ಏರುವುದಿಲ್ಲ. ಅದಕ್ಕೂ ಮೊದಲೇ ನಾಯಿ ಜಾಸ್ತಿ ನೀರು ಕುಡಿಯುತ್ತೆ, ಜಾಸ್ತಿ ಉಚ್ಚೆ ಹೊಯ್ಯುತ್ತೆ. ನಾವು ಸುಮ್ನೆ "ಬಿಸಿಲು" ಅಂದುಕೊಳ್ಳುತ್ತೇವೆ. ವಾಂತಿ ಮಾಡಿದರೆ ದೃಷ್ಟಿ ಅಂತ ಕತ್ತಿಗೆ ಕಪ್ಪು ದಾರ ಕಟ್ಟುವವರಿದ್ದಾರೆ. ದಾರ ಕಟ್ಟಿದ್ದು ಕಿಡ್ನಿಗೆ ಗೊತ್ತಾಗೋದಿಲ್ಲ. ದ್ರಾಕ್ಷಿಯೋ ಹುಣಸೆಯೋ ತಿಂದದ್ದು ಕಂಡರೆ ಮಜ್ಜಿಗೆ ಕುಡಿಸಿ ಕಾಯಬೇಡಿ, ಆಗಲೇ ಪಶು ಆಸ್ಪತ್ರೆಗೆ ಓಡಿ.

ಹಾಗಂತ ಮುದ್ದೆಯನ್ನೇ ಬಿಡಬೇಕಾ? ನಾಯಿ ತೋಳದ ವಂಶ, ಮಾಂಸ ಬಿಟ್ಟು ಏನೂ ಕೊಡಬಾರದು ಅನ್ನುವವರ ಕಾಟ ಈಗ ಜಾಸ್ತಿಯಾಗಿದೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಎಣಿಸಿದ್ದಾರೆ: ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕೆ 2, ನಾಯಿಗೆ 4ರಿಂದ 30. ಮನುಷ್ಯರ ಹೊಲ, ಒಲೆಗಳ ಪಕ್ಕ ಬೆಳೆದ ಹೊಟ್ಟೆ ಅದು.

ಹಲ್ಲಿಲ್ಲದ ಬಾಯಿಗೆ ನಾನು ಮಾಡುವುದು ರಾಗಿ ಇಡ್ಲಿ. ಒಂದು ಲೋಟ ರಾಗಿ ಹಿಟ್ಟು, ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದು ಲೋಟ, ಒಂದು ಮೊಟ್ಟೆ. ಉಪ್ಪು, ಬೆಲ್ಲ, ಒಗ್ಗರಣೆ ಯಾವುದೂ ಬೇಡ. ನೀರು ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು 15 ನಿಮಿಷ ಹಬೆಯಲ್ಲಿ ಬೇಯಿಸಿ. ಕಿಡ್ನಿ ಕಾಯಿಲೆ ಇದ್ದರೆ ಮೊಟ್ಟೆಗೆ ಮುಂಚೆ ವೈದ್ಯರನ್ನು ಕೇಳಿ. ದಿನದ ಊಟದಲ್ಲಿ ಇಂಥ ತಿಂಡಿ ಹತ್ತರಲ್ಲಿ ಒಂದು ಪಾಲು ದಾಟಬಾರದು. ಉಗುರುಬೆಚ್ಚಗಿರುವಾಗಲೇ ಕೊಡಿ. ಬಿಸಿ ಇದ್ದಷ್ಟು ವಾಸನೆಯ ಅಣುಗಳು ಮೇಲೇಳುತ್ತವೆ, ಮಂದವಾದ ಮೂಗಿಗೂ ಊಟ ಬಂದದ್ದು ಗೊತ್ತಾಗುತ್ತೆ.

ಮೊದಲ ದಿನ ಕರಿಯ ಇಡ್ಲಿ ಮೂಸಿದ, ಬಸ್ಸಾರಿನ ಪಾತ್ರೆ ಕಡೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ನಾಲಿಗೆಯಲ್ಲೇ ಅದುಮಿ ಅದುಮಿ ಮೂರು ಇಡ್ಲಿ ಮುಗಿಸಿದ. ತಟ್ಟೆ ಮಾತ್ರ ಇನ್ನೂ ಹತ್ತು ನಿಮಿಷ ನೆಕ್ಕುತ್ತಲೇ ಇದ್ದ, ಸಾರು ಎಲ್ಲಾದರೂ ಮೆತ್ತಿರಬಹುದು ಅಂತ.