ಕಂಟೇನರಿನಲ್ಲಿ ರಿವರ್ಬ್: ಸಂಪರ್ಕ ಇದೆ, ಸಂದೇಶ ಇಲ್ಲ

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ನೇರವಾಗಿ ಓಡಿಸಿದಾಗ ಲಾರಾವೆಲ್ ರಿವರ್ಬ್ (ಪಿಎಚ್‌ಪಿಯ ಲಾರಾವೆಲ್ ಫ್ರೇಮ್‌ವರ್ಕಿನಿಂದ ಬ್ರೌಸರಿಗೆ ತಕ್ಷಣ ಸಂದೇಶ ತಲುಪಿಸುವ ವೆಬ್‌ಸಾಕೆಟ್ ಸರ್ವರ್) ಸರಿಯಾಗಿ ಕೆಲಸ ಮಾಡುತ್ತದೆ. ಎಲ್ಲವನ್ನೂ ಡಾಕರ್ ಕಂಟೇನರುಗಳಿಗೆ (ಒಂದೇ ಯಂತ್ರದಲ್ಲಿ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆಗಳಿಗೆ) ಹಾಕಿದ ಮೇಲೆ ಬ್ರೌಸರಿಗೆ ಸಂಪರ್ಕ ಸಿಗುತ್ತದೆ, ಆದರೆ ಒಂದು ಸಂದೇಶವೂ ಬರುವುದಿಲ್ಲ. ಏಕೆ?

ಉತ್ತರ: ಬ್ರೌಸರಿಗೆ ಸಂಪರ್ಕ ಸಿಕ್ಕಿದೆಯೆಂದರೆ ರಿವರ್ಬ್ ಓಡುತ್ತಿದೆ, ಅದನ್ನು ಬಿಟ್ಟು ಕ್ಯೂ ವರ್ಕರಿನ (ಸರದಿಯಲ್ಲಿಟ್ಟ ಕೆಲಸಗಳನ್ನು ಹಿನ್ನೆಲೆಯಲ್ಲಿ ಮಾಡುವ ಪ್ರಕ್ರಿಯೆಯ) ಲಾಗ್ ತೆರೆಯಿರಿ. ಪ್ರಸಾರದ ಈವೆಂಟುಗಳು ಸಾಮಾನ್ಯವಾಗಿ ಕ್ಯೂ ಮೂಲಕವೇ ಹೋಗುವುದರಿಂದ ದೋಷ ವೆಬ್ ಪುಟದಲ್ಲಿ ಕಾಣುವುದಿಲ್ಲ. ‘ಕರ್ಲ್ ಎರರ್ 7’ (ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ದೋಷ), ಪಕ್ಕದಲ್ಲೇ ಲೋಕಲ್‌ಹೋಸ್ಟ್, ಪೋರ್ಟ್ 8080: ಬಹುಪಾಲು ಈ ಸಾಲು ಅಲ್ಲಿರುತ್ತದೆ.

ರಿವರ್ಬ್‌ಗೆ ಗಿರಾಕಿಗಳು ಇಬ್ಬರು. ಬ್ರೌಸರ್ ಹೊರಗಿನಿಂದ ವೆಬ್‌ಸಾಕೆಟ್ ಮೂಲಕ ಬರುತ್ತದೆ. ಲಾರಾವೆಲ್ ಒಳಗಿನಿಂದ, ಪುಷರ್ ಎಂಬ ಸಂದೇಶ ಸೇವೆಯ ಪ್ರೋಟೋಕಾಲಿನಂತೆ, ಸಾಧಾರಣ ಎಚ್‌ಟಿಟಿಪಿ ಪೋಸ್ಟ್ ಕೋರಿಕೆ ಕಳಿಸುತ್ತದೆ. ಕಂಟೇನರಿನೊಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ. ಹಾಗಾಗಿ ವರ್ಕರ್ ತನ್ನ ಬಾಗಿಲನ್ನೇ ತಾನು ಬಡಿಯುತ್ತಿರುತ್ತದೆ, ರಿವರ್ಬ್ ಇರುವುದು ಪಕ್ಕದ ಕಂಟೇನರಿನಲ್ಲಿ.

ರಿವರ್ಬ್ ಅನುಸ್ಥಾಪಿಸಿದಾಗ ಎನ್ವ್ ಕಡತದಲ್ಲಿ (ಸೆಟ್ಟಿಂಗುಗಳ ಕಡತ) ‘ವೀಟ್ ರಿವರ್ಬ್ ಹೋಸ್ಟ್’ ಎಂಬುದು ‘ರಿವರ್ಬ್ ಹೋಸ್ಟ್’ನ ನಕಲಾಗಿಯೇ ಬರುತ್ತದೆ. ಮೊದಲನೆಯದನ್ನು ಬ್ರೌಸರಿನ ಜಾವಾಸ್ಕ್ರಿಪ್ಟ್ ಕಟ್ಟುವ ವೀಟ್ ಎಂಬ ಉಪಕರಣ ಓದುತ್ತದೆ, ಎರಡನೆಯದನ್ನು ಲಾರಾವೆಲ್. ಒಂದೇ ಯಂತ್ರದಲ್ಲಿ ಇದು ಅನುಕೂಲ, ಕಂಟೇನರುಗಳಲ್ಲಿ ಶುದ್ಧ ಉಪದ್ರವ. ಎರಡನ್ನೂ ಬೇರ್ಪಡಿಸಿ. ರಿವರ್ಬ್ ಹೋಸ್ಟ್‌ಗೆ ಕಂಪೋಸ್ ಕಡತದಲ್ಲಿ (ಕಂಟೇನರುಗಳನ್ನೆಲ್ಲ ಪಟ್ಟಿಮಾಡುವ ಡಾಕರ್ ಕಡತ) ರಿವರ್ಬ್ ಸರ್ವೀಸಿಗೆ ಇಟ್ಟ ಹೆಸರು, ಪೋರ್ಟ್ 8080, ಸ್ಕೀಮ್ ಎಚ್‌ಟಿಟಿಪಿ ಕೊಡಿ. ವೀಟ್ ಸಾಲುಗಳಿಗೆ ಬ್ರೌಸರ್ ಕಾಣುವ ವಿಳಾಸ ಕೊಡಿ: ಲ್ಯಾಪ್‌ಟಾಪಿನಲ್ಲಿ ಲೋಕಲ್‌ಹೋಸ್ಟ್, ನಿಜವಾದ ತಾಣದಲ್ಲಿ ನಿಮ್ಮ ಡೊಮೇನ್ ಮತ್ತು 443. ‘ರಿವರ್ಬ್ ಸರ್ವರ್ ಹೋಸ್ಟ್’ ಬೇರೆಯೇ, ರಿವರ್ಬ್ ಯಾವ ವಿಳಾಸದಲ್ಲಿ ಕಿವಿಗೊಡಬೇಕು ಎಂಬುದು; ಅದು 0.0.0.0 (ಎಲ್ಲ ವಿಳಾಸಗಳು) ಆಗಿಯೇ ಇರಲಿ. 127.0.0.1 (ಕಂಟೇನರಿನೊಳಗೆ ಮಾತ್ರ) ಮಾಡಿದರೆ ಹೊರಗಿನಿಂದ ಯಾರೂ ಒಳಗೆ ಬರಲಾರರು.

ಆಮೇಲೆ ವರ್ಕರನ್ನು ಮತ್ತೆ ಶುರುಮಾಡಿ. ಎನ್ವ್ ಕಡತವನ್ನು ಕಂಪೋಸ್ ಮೂಲಕ ಕೊಟ್ಟಿದ್ದರೆ ಬರೀ ‘ರೀಸ್ಟಾರ್ಟ್’ ಸಾಲದು, ಕಂಟೇನರನ್ನೇ ಹೊಸದಾಗಿ ಸೃಷ್ಟಿಸಬೇಕು. ವೀಟ್ ಮೌಲ್ಯಗಳು ಬಿಲ್ಡ್ ಹೊತ್ತಿಗೇ ಜಾವಾಸ್ಕ್ರಿಪ್ಟಿನಲ್ಲಿ ಬೆರೆತುಹೋಗುತ್ತವೆ. ಆದ್ದರಿಂದ ಬಿಲ್ಡ್ ಕೂಡ ಮತ್ತೆ ಆಗಬೇಕು. ಅನುಮಾನ ಉಳಿದರೆ ವರ್ಕರ್ ಕಂಟೇನರಿನೊಳಗಿಂದಲೇ ರಿವರ್ಬ್ ಸರ್ವೀಸಿಗೆ ಕರ್ಲ್ ಆಜ್ಞೆಯಿಂದ ಕೋರಿಕೆ ಕಳಿಸಿ. 404 (ಪುಟ ಸಿಗಲಿಲ್ಲ) ಎಂಬ ಉತ್ತರ ಬಂದರೂ ಖುಷಿಪಡಿ, ದಾರಿ ತೆರೆದಿದೆ.

ರಿವರ್ಬ್‌ನ ಮುಂದೆ ಎನ್‌ಜಿನ್‌ಎಕ್ಸ್ (ಕೋರಿಕೆಗಳನ್ನು ಒಳಗೆ ದಾಟಿಸುವ ವೆಬ್ ಸರ್ವರ್) ಇಟ್ಟಿದ್ದರೆ ಎಚ್‌ಟಿಟಿಪಿ 1.1 ಹಾಗೂ ಅಪ್‌ಗ್ರೇಡ್, ಕನೆಕ್ಷನ್ ಹೆಡರುಗಳನ್ನು ದಾಟಿಸಲು ಹೇಳಬೇಕು. ರಿವರ್ಬ್ ಕಂಟೇನರುಗಳನ್ನು ಎರಡು ಮಾಡುವುದಿದ್ದರೆ ರೆಡಿಸ್ (ಅವುಗಳ ನಡುವೆ ಸಂದೇಶ ಹಂಚುವ ದತ್ತಾಂಶ ಸರ್ವರ್) ಸೇರಿಸಿ, ಸ್ಕೇಲಿಂಗ್ ಆಯ್ಕೆಯನ್ನು ಆನ್ ಮಾಡಿ. ಇಲ್ಲದಿದ್ದರೆ ಒಂದಕ್ಕೆ ಬಂದ ಸಂದೇಶ ಇನ್ನೊಂದರ ಗಿರಾಕಿಗಳಿಗೆ ತಲುಪುವುದಿಲ್ಲ.